ಊರಿಗೆ ಮೈಕ್‌ಸೆಟ್ಟು ಬಂದ ಬಗೆ



ಕಳೆದ ವರ್ಷದಿಂದ ನನ್ನ ಬಲಗಿವಿಯಲ್ಲಿ ಒಂದು ಶ್ರವಣ ಸಾಧನ ಕುಳಿತಿದೆ. ಅಂಗೈಯನ್ನು ಕಿವಿಯ ಹತ್ತಿರ ತಂದರೆ ಅದು ಕುಂಯ್ ಎಂದು ಸಿಳ್ಳು ಹಾಕುತ್ತದೆ. ಮೊಮ್ಮಗಳಿಗೆ ಅದೊಂದು ಆಟ. ಹಿಂದಿನಿಂದ ಸದ್ದಿಲ್ಲದೆ ಬಂದು, ಕೈಯೊಡ್ಡಿ, ಸಿಳ್ಳು ಹಾಕಿಸಿ ಓಡಿಬಿಡುತ್ತಾಳೆ. ಮೊದಲ ಸಲ ಆ ಸದ್ದು ಕೇಳಿದಾಗ ನನಗೆ ಸಿಟ್ಟು ಬರಲಿಲ್ಲ, ಹಳೆಯ ಪರಿಚಯಸ್ಥರೊಬ್ಬರು ದಾರಿಯಲ್ಲಿ ಕೂಗಿ ಕರೆದಂತಾಯಿತು. 1979ರಲ್ಲಿ ಅರಸೀಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯ ಅಂಗಳದಲ್ಲಿ ನಾನು ಮತ್ತು ಐದಾರು ಹುಡುಗರು ಇದೇ ಸಿಳ್ಳಿನ ಜೊತೆ ವಾರಗಟ್ಟಲೆ ಸೆಣಸಿದ್ದೆವು.

ಕಿವಿಯೊಳಗಿನ ಈ ಸಾಧನದಲ್ಲಿರುವುದು ಮುಖ್ಯವಾಗಿ ಮೂರು ಅಂಗಗಳು. ಶಬ್ದವನ್ನು ವಿದ್ಯುತ್ತಾಗಿಸುವ ಮೈಕು, ಆ ವಿದ್ಯುತ್ತನ್ನು ಹಿಗ್ಗಿಸುವ ಆಂಪ್ಲಿಫೈಯರು, ಹಿಗ್ಗಿದ್ದನ್ನು ಮತ್ತೆ ಶಬ್ದವಾಗಿಸುವ ಸ್ಪೀಕರು. ನಾವು ಅಂದು ಕೈಯಾರೆ ಜೋಡಿಸಿದ ಮೈಕ್‌ಸೆಟ್ಟಿನಲ್ಲಿದ್ದುದೂ ಇವೇ ಮೂರು. ಆ ಹುಡುಗರಲ್ಲೊಬ್ಬರು ಮೊನ್ನೆ ಫೋನು ಮಾಡಿದ್ದರು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮುಂಚೆ ಈ ಯಂತ್ರ ನಮ್ಮ ಊರುಗಳ ತನಕ ನಡೆದು ಬಂದ ದಾರಿಯನ್ನು ಸ್ವಲ್ಪ ನೋಡೋಣ.

ನನ್ನ ತಾತ ಗಾಂಧೀಜಿಯವರನ್ನು ಕಂಡವರು. 1927ರಲ್ಲಿ ಗಾಂಧೀಜಿ ಮೈಸೂರು ಸಂಸ್ಥಾನದಲ್ಲಿ ಪ್ರವಾಸ ಮಾಡಿದಾಗ ತಾತ ಬುತ್ತಿ ಕಟ್ಟಿಕೊಂಡು ನಡೆದು ಹೋಗಿದ್ದರಂತೆ. "ಏನು ಹೇಳಿದರು ತಾತ?" ಎಂದು ಚಿಕ್ಕವನಾಗಿದ್ದಾಗ ಕೇಳಿದರೆ, "ಕೇಳಿಸಲಿಲ್ಲ ಮಗಾ, ಕಂಡೆ" ಎನ್ನುತ್ತಿದ್ದರು. ಅಂದಿನ ದೊಡ್ಡ ಸಭೆಗಳಲ್ಲಿ ಬಹುಪಾಲು ಜನರ ಅನುಭವ ಅಷ್ಟೇ ಆಗಿತ್ತು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಶಬ್ದದ ತೀವ್ರತೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ ಎಂದು ನಾನು ಹತ್ತನೆಯ ತರಗತಿಯಲ್ಲಿ ನಿಮಗೆಲ್ಲ ಪಾಠ ಮಾಡಿದ್ದು ನೆನಪಿರಬಹುದು. ಎಂಥ ಮಹಾತ್ಮರ ಕಂಠವೂ ಆ ನಿಯಮವನ್ನು ಮೀರಲಾರದು.

ಕಂಠವನ್ನೇ ನಂಬಿ ಬದುಕಿದವರು ಮಾತ್ರ ಅದಕ್ಕೆ ತಕ್ಕ ಉಪಾಯಗಳನ್ನು ಕಂಡುಕೊಂಡಿದ್ದರು. ಕಂಪನಿ ನಾಟಕದ ನಟರು ಕೊನೆಯ ಸಾಲಿನ ಚಾಪೆಯವನನ್ನು ಉದ್ದೇಶಿಸಿಯೇ ಮಾತನಾಡುತ್ತಿದ್ದರು. ಯಕ್ಷಗಾನದ ಭಾಗವತರು ಏರು ಶ್ರುತಿಯಲ್ಲಿ ಹಾಡುತ್ತಿದ್ದರು. ಹರಿಕಥೆಯ ದಾಸರು ಮುಖ್ಯವಾದ ಮಾತನ್ನು ಎರಡೆರಡು ಸಲ ಹೇಳುತ್ತಿದ್ದರು. ಊರಿಗೆಲ್ಲ ತಿಳಿಯಬೇಕಾದ ಸುದ್ದಿಗೆ ತಮಟೆಯಿತ್ತು. ಕಂದಾಯದ ಗಡುವು, ಜಾತ್ರೆಯ ದಿನ, ಕೆರೆಯ ನೀರು ಬಿಡುವ ಹೊತ್ತು, ಇವನ್ನೆಲ್ಲ ಸಾರುತ್ತಿದ್ದವರು ಕೇರಿಯವರು. ಊರಿನಲ್ಲಿ ಅತಿ ಹೆಚ್ಚು ಕೇಳಿಸುತ್ತಿದ್ದ ದನಿ ಅವರದೇ. ಆದರೆ ಅದರಲ್ಲಿ ಅವರದೆಂಬ ಒಂದು ಮಾತೂ ಇರುತ್ತಿರಲಿಲ್ಲ. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಧ್ವನಿವರ್ಧಕದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಇಬ್ಬರು ಹವ್ಯಾಸಿ ಮನೋಭಾವದ ಎಂಜಿನಿಯರುಗಳಿಂದ ಆರಂಭಿಸುತ್ತಾರೆ. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ವಲಸೆ ಬಂದ ಪೀಟರ್ ಜೆನ್ಸನ್ ಮತ್ತು ಅವರ ಜೊತೆಗಾರ ಎಡ್ವಿನ್ ಪ್ರಿಡಮ್, ಕ್ಯಾಲಿಫೋರ್ನಿಯಾದ ನಾಪಾ ಎಂಬಲ್ಲಿನ ಒಂದು ಸಣ್ಣ ಮನೆಯಲ್ಲಿ ಪ್ರಯೋಗ ನಡೆಸುತ್ತಿದ್ದರು. ಕಾಂತದ ನಡುವೆ ತಂತಿಯ ಸುರುಳಿಯನ್ನಿಟ್ಟು, ಅದಕ್ಕೆ ಗ್ರಾಮೋಫೋನಿನ ಕಹಳೆಯನ್ನು ತಗಲಿಸಿ, ಮನೆಯ ಮಾಡಿನ ಮೇಲೇರಿಸಿದರು. ಮಾತು ಮೈಲಿಯಾಚೆ ಕೇಳಿಸಿತು. 1915ರ ಕ್ರಿಸ್ಮಸ್‌ನ ಹಿಂದಿನ ದಿನ ಸ್ಯಾನ್ ಫ್ರಾನ್ಸಿಸ್ಕೋದ ನಗರಸಭೆಯ ಮುಂದೆ ನೆರೆದ ಭಾರಿ ಜನಸ್ತೋಮಕ್ಕೆ ಅದನ್ನು ಕೇಳಿಸಿದರು. 1919ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೋದ ಕ್ರೀಡಾಂಗಣದಲ್ಲಿ ಹತ್ತಾರು ಸಾವಿರ ಮಂದಿಗೆ ಈ ಕಹಳೆಗಳ ಮೂಲಕವೇ ಭಾಷಣ ಮಾಡಿದರು. ರಾಜಕಾರಣದ ರೀತಿಯೇ ಅಂದಿನಿಂದ ಬದಲಾಯಿತೆನ್ನಬೇಕು. ಗಂಟಲು ದೊಡ್ಡದಿಲ್ಲದವನೂ ನಾಯಕನಾಗಬಹುದಾಯಿತು.

ನಮ್ಮ ದೇಶದಲ್ಲಿ ಇದನ್ನು ಸಭೆಗಳಿಗೆ ತಂದವರಲ್ಲಿ ಸಿಂಧ್ ಪ್ರಾಂತದ ಮೋಟ್ವಾನೆ ಮನೆತನ ಪ್ರಮುಖವಾದುದು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನಕ್ಕೆ ಅವರ 'ಶಿಕಾಗೋ ರೇಡಿಯೋ' ಸಂಸ್ಥೆ ಧ್ವನಿವರ್ಧಕಗಳನ್ನು ಒದಗಿಸಿತು. ಗಾಂಧೀಜಿ, ನೆಹರೂ ಮೊದಲಾದವರ ಹಳೆಯ ಚಿತ್ರಗಳನ್ನು ಗಮನವಿಟ್ಟು ನೋಡಿದರೆ ಮೈಕಿನ ಮೇಲೆ ಆ ಹೆಸರಿನ ಫಲಕ ಎಷ್ಟೋ ಕಡೆ ಕಾಣಿಸುತ್ತದೆ. ಅಮೆರಿಕದ ಊರಿನ ಹೆಸರು ಹೊತ್ತ ಸ್ವದೇಶಿ ಅಂಗಡಿ ಎಂಬುದು ನನಗೆ ಯಾವಾಗಲೂ ನಗೆ ತರಿಸುವ ವಿಷಯ.

ನಮ್ಮ ಕಡೆಯ ಹಳ್ಳಿಗಳಿಗೆ ಮೈಕ್‌ಸೆಟ್ಟು ಬಂದದ್ದು ಬಾಡಿಗೆಯ ಸಾಮಾನಾಗಿ. ಮದುವೆ, ಜಾತ್ರೆ, ಚುನಾವಣೆಗಳೆಂದರೆ ಪೇಟೆಯ ಅಂಗಡಿಯಿಂದ ಎತ್ತಿನ ಗಾಡಿಯಲ್ಲೋ ಬಸ್ಸಿನ ಮೇಲೋ ಒಂದು ಮರದ ಪೆಟ್ಟಿಗೆ, ಲಾರಿಯ ಬ್ಯಾಟರಿ, ಎರಡು ಹಾರ್ನು ಬರುತ್ತಿದ್ದವು. ಹಾರ್ನನ್ನು ತೆಂಗಿನ ಮರಕ್ಕೆ ಕಟ್ಟಿದ ಕೂಡಲೇ ಊರಿಗೆ ಹಬ್ಬದ ಕಳೆ. "ಹಲೋ, ಮೈಕ್ ಟೆಸ್ಟಿಂಗ್" ಎನ್ನುವ ಆಪರೇಟರನ ಮುಂದೆ ಮದುವೆಯ ಗಂಡೂ ಮಂಕಾಗಿ ಕಾಣುತ್ತಿದ್ದ.

ಅಷ್ಟು ಸಣ್ಣ ಪೆಟ್ಟಿಗೆ ಮೂರು ಹಳ್ಳಿಗಳ ನಿದ್ದೆ ಕೆಡಿಸುತ್ತಿದ್ದುದು ಹೇಗೆ? ಗುಟ್ಟಿದ್ದದ್ದು ಹಾರ್ನಿನಲ್ಲಿ. ಕಾಗದದ ಕೋನುಳ್ಳ ಸಾಮಾನ್ಯ ಸ್ಪೀಕರು ತನಗೆ ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನು ಮಾತ್ರ ಶಬ್ದವಾಗಿಸುತ್ತದೆ, ಮಿಕ್ಕದ್ದು ಬಿಸಿಯಾಗಿ ಹೋಗುತ್ತದೆ. ಹಾರ್ನಾದರೆ ಅದರ ಹತ್ತು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಶಬ್ದ ಕೊಡುತ್ತದೆ. ಹೀಗಾಗಿ ಮೂವತ್ತು ವ್ಯಾಟಿನ ಆಂಪ್ಲಿಫೈಯರು ಬಡ ಊರಿಗೆ ಧಾರಾಳವಾಗಿ ಸಾಕು. ಇದಕ್ಕೆ ತೆರುವ ಬೆಲೆಯೂ ಇದೆ. ಹಾರ್ನಿಗೆ ಮಂದ್ರ ಸ್ವರಗಳು ಗೊತ್ತಿಲ್ಲ. ಅದರಲ್ಲಿ ಮೃದಂಗವು ತಗಡಿನ ಡಬ್ಬಿಯಾಗಿ, ಎಲ್ಲರ ಮಾತೂ ಮೂಗಿನ ಮಾತಾಗಿ ಹೊರಬರುತ್ತದೆ.

ನನ್ನ ಶಾಲೆಗೆ ಸಂಬಂಧಿಸಿದ ಕಥೆ ಆರಂಭವಾಗುವುದು ಒಂದು ಚುನಾವಣೆಯಿಂದ. 1978ರ ನವೆಂಬರಿನ ಮೊದಲ ವಾರ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆ. ಇಂದಿರಾ ಗಾಂಧಿ ಒಂದು ಕಡೆ, ವೀರೇಂದ್ರ ಪಾಟೀಲರು ಇನ್ನೊಂದು ಕಡೆ. ದೇಶದ ಪತ್ರಕರ್ತರೆಲ್ಲ ನಮ್ಮ ನೆರೆಯ ಜಿಲ್ಲೆಗೆ ಬಂದಿಳಿದಿದ್ದರು. ಪತ್ರಕರ್ತರಿಂದ ನಮಗೇನೂ ತೊಂದರೆಯಿರಲಿಲ್ಲ. ಆದರೆ ಸುತ್ತಮುತ್ತಲ ಪೇಟೆಗಳಲ್ಲಿದ್ದ ಮೈಕ್‌ಸೆಟ್ಟುಗಳೆಲ್ಲ ಜೀಪು ಹತ್ತಿ ಅತ್ತ ಹೊರಟುಹೋದವು. ನವೆಂಬರ್ ಒಂದಕ್ಕೆ ನಮ್ಮ ಶಾಲೆಯಲ್ಲಿ ರಾಜ್ಯೋತ್ಸವ. ಮುಂಗಡ ಕೊಟ್ಟಿದ್ದರೂ ಅಂಗಡಿಯವರು, "ಮೇಷ್ಟ್ರೇ, ಒಂದು ದಿನಕ್ಕೆ ನೀವು ಕೊಡೋದು ನಲವತ್ತು, ಅವರು ಕೊಡೋದು ನೂರು" ಎಂದು ಕೈಯಾಡಿಸಿಬಿಟ್ಟರು.

ಮೈಕಿಲ್ಲದೆಯೇ ಸಮಾರಂಭ ನಡೆಯಿತು. ಮುಖ್ಯೋಪಾಧ್ಯಾಯರದು ಗಡಸು ಕಂಠ, ಅವರಿಗೆ ಅಡ್ಡಿಯಾಗಲಿಲ್ಲ. ಎಂಟನೆಯ ತರಗತಿಯ ಒಬ್ಬ ಹುಡುಗಿ ಕರ್ನಾಟಕದ ಏಕೀಕರಣವನ್ನು ಕುರಿತು ಸ್ವತಃ ಬರೆದ ಭಾಷಣವನ್ನು ಓದಿದಳು. ಆ ವರ್ಷ ಶಾಲೆಯಲ್ಲಿ ಯಾರೇ ಬರೆದುದಕ್ಕಿಂತ ಅದು ಚೆನ್ನಾಗಿತ್ತು, ನಾನು ತಿದ್ದಿ ಕೊಟ್ಟಿದ್ದರಿಂದ ಬಲ್ಲೆ. ಮೂರನೆಯ ಸಾಲಿನಾಚೆ ಯಾರಿಗೂ ಒಂದಕ್ಷರ ಕೇಳಿಸಲಿಲ್ಲ. ಹಿಂದಿನವರು ಮಾತಿಗೆ ತೊಡಗಿದರು, ಕಡೆಗೆ ನಕ್ಕರು. ಅವಳು ಅರ್ಧಕ್ಕೇ ನಿಲ್ಲಿಸಿ ಇಳಿದುಬಂದಳು. ಆ ರಾತ್ರಿಯೇ ನಾನು ಶಾಲೆಗೆ ಸ್ವಂತದ್ದೊಂದು ಮೈಕ್‌ಸೆಟ್ಟು ಬೇಕೆಂದು ತೀರ್ಮಾನಿಸಿದೆ.

ಕಂಪನಿಯ ಹೊಸ ಸೆಟ್ಟಿಗೆ ಶಾಲೆಯಲ್ಲಿ ಹಣವಿರಲಿಲ್ಲ. ನನ್ನ ಸಂಬಳ ಐನೂರು ಚಿಲ್ಲರೆ. ಆದರೆ ಕಾಲ ನಮಗೆ ಅನುಕೂಲವಾಗಿತ್ತು. 1954ರಲ್ಲಿ ಜಾಲಹಳ್ಳಿಯಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1960ರ ದಶಕದಲ್ಲಿ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತ್ತು. ವಿದೇಶದಿಂದ ಬರಬೇಕಾಗಿದ್ದ ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಟಾಣಿಯಂತೆ ಪೊಟ್ಟಣದಲ್ಲಿ ಸಿಗುತ್ತಿದ್ದವು. 1969ರಿಂದ ಬರುತ್ತಿದ್ದ 'ಎಲೆಕ್ಟ್ರಾನಿಕ್ಸ್ ಫಾರ್ ಯೂ' ಪತ್ರಿಕೆಯಲ್ಲಿ ಜೋಡಣೆಯ ನಕ್ಷೆಗಳಿರುತ್ತಿದ್ದವು. ಬೇಸಿಗೆಯ ರಜೆಯಲ್ಲಿ ಬೆಂಗಳೂರಿಗೆ ಹೋಗಿ ಎಸ್.ಪಿ. ರಸ್ತೆಯನ್ನು ಎರಡು ದಿನ ಸುತ್ತಿದೆ. ಎರಡು 2ಎನ್3055 ಟ್ರಾನ್ಸಿಸ್ಟರು, ಒಂದಿಷ್ಟು ರೆಸಿಸ್ಟರು, ಕಂಡೆನ್ಸರು, ಹೇಳಿ ಸುತ್ತಿಸಿದ ಟ್ರಾನ್ಸ್‌ಫಾರ್ಮರುಗಳು, ಹಳೆಯದೊಂದು ಹಾರ್ನು ಮತ್ತು ಯೂನಿಟ್ಟು. ಎಲ್ಲ ಸೇರಿ 640 ರೂಪಾಯಿ. ಮನೆಯಾಕೆಗೆ ನಾನು ಹೇಳಿದ ಲೆಕ್ಕ ನಾನೂರು. ಆಕೆ ಈ ಬರಹವನ್ನು ಓದುತ್ತಾಳೆಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ.

2ಎನ್3055 ಎಂಬುದು ಹವ್ಯಾಸಿಗಳ ಕಾಮಧೇನು. ಹದಿನೈದು ಆಂಪಿಯರ್ ತನಕ ತಾಳುವ, ಟೋಪಿಯಿಟ್ಟಂತೆ ಕಾಣುವ ಲೋಹದ ಬಿಲ್ಲೆ. ಅದರಲ್ಲೊಂದು ತೊಡಕಿದೆ. ಆ ಲೋಹದ ಮೈಯೇ ಅದರ ಕಲೆಕ್ಟರು. ಬಿಸಿಯನ್ನು ಹೊರಹಾಕಲೆಂದು ಅದನ್ನು ಅಲ್ಯೂಮಿನಿಯಮ್ ಹಲಗೆಗೆ ಬಿಗಿಯುವಾಗ ನಡುವೆ ತೆಳುವಾದ ಅಭ್ರಕದ ಹಾಳೆಯಿರಲೇಬೇಕು. ನಮ್ಮದರಲ್ಲಿ ಒಂದು ಹಾಳೆ ಸೀಳಿತ್ತು. ಬ್ಯಾಟರಿಯ ತಂತಿ ಮುಟ್ಟಿಸಿದೊಡನೆ ಹನ್ನೆರಡು ವೋಲ್ಟು ಟ್ರಾನ್ಸ್‌ಫಾರ್ಮರಿನ ಸುರುಳಿಯ ಮೂಲಕ ನೇರ ಹಲಗೆಗೆ ಹರಿದು, ವಾರ್ನಿಷ್ ಸುಟ್ಟ ವಾಸನೆಯೊಂದಿಗೆ ಹೊಗೆಯೆದ್ದಿತು. ಫ್ಯೂಸು ಹಾಕಿರಲಿಲ್ಲ. ವಿಜ್ಞಾನದ ಮೇಷ್ಟ್ರು ಫ್ಯೂಸಿನ ಪಾಠ ಮಾಡಿ ವಾರವೂ ಆಗಿರಲಿಲ್ಲ. ಹುಡುಗರು ನಗಲಿಲ್ಲ, ಅದು ಅವರ ದೊಡ್ಡಗುಣ.

ಅವರಲ್ಲಿ ಹತ್ತನೆಯ ತರಗತಿಯ ಒಬ್ಬ ಹುಡುಗನ ಕೈಗೆ ಬೆಸುಗೆ ಒಲಿದಿತ್ತು. ನಾನು ಹಾಕಿದ ಬೆಸುಗೆ ಇಲಿಯ ಹಿಕ್ಕೆಯಂತೆ ಗಂಟಾದರೆ ಅವನದು ಮಳೆಯ ಹನಿಯಂತೆ ಹೊಳೆಯುತ್ತಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಕತ್ತಲಾಗುವ ತನಕ ಕೂರುತ್ತಿದ್ದ. ಅವನು ಕೇರಿಯಿಂದ ಬರುತ್ತಿದ್ದ ಹುಡುಗ. ಸುಟ್ಟ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ, ಸುತ್ತುಗಳನ್ನು ಎಣಿಸಿ, ಹೊಸ ತಂತಿಯಿಂದ ಮತ್ತೆ ಸುತ್ತಿದವನು ಅವನೇ.

ಊರ ಬಡಗಿಯಿಂದ ಒಂದು ಉದ್ದನೆಯ ಪೆಟ್ಟಿಗೆ ಮಾಡಿಸಿ, ನಾಲ್ಕು ಸ್ಪೀಕರುಗಳನ್ನು ಒಂದರ ಮೇಲೊಂದು ಕೂರಿಸಿದೆವು. ಒಂದೊಂದೂ ಎಂಟು ಓಮು. ಎರಡನ್ನು ಸರಣಿಯಲ್ಲಿ ಜೋಡಿಸಿದರೆ ಹದಿನಾರು, ಅಂಥ ಎರಡು ಜೋಡಿಗಳನ್ನು ಸಮಾಂತರವಾಗಿ ಸೇರಿಸಿದರೆ ಮತ್ತೆ ಎಂಟು. ಪುಸ್ತಕದಲ್ಲಿ ಯಾರಿಗೂ ಬೇಡವಾಗಿದ್ದ ಆ ಲೆಕ್ಕ ಅಂದು ಆರೂ ಹುಡುಗರಿಗೆ ತಲೆಗೆ ಹತ್ತಿತು. ಹೀಗೆ ನೆಟ್ಟಗೆ ನಿಲ್ಲಿಸಿದ ಸಾಲಿನಿಂದ ಶಬ್ದ ಮೇಲಕ್ಕೂ ಕೆಳಕ್ಕೂ ಚೆದುರದೆ ಮುಂದಕ್ಕೆ ಹೋಗುತ್ತದೆ. ಮಾತು ಹಾರ್ನಿಗಿಂತ ಸಹಜವಾಗಿ ಕೇಳಿಸುತ್ತದೆ. ಅಂಗಳಕ್ಕೆ ಈ ಪೆಟ್ಟಿಗೆ, ಬೀದಿಗೆ ಹಾರ್ನು ಎಂದು ಗೊತ್ತುಮಾಡಿಕೊಂಡೆವು.

ಹಾರ್ನನ್ನು ಇನ್ನೂರು ಗಜ ದೂರ ಒಯ್ದರೆ ತಂತಿಯಲ್ಲೇ ಶಕ್ತಿ ಸೋರಿಹೋಗುತ್ತಿತ್ತು. ಅದಕ್ಕೆ ಮೈಕ್‌ಸೆಟ್ಟಿನವರು ನೂರು ವೋಲ್ಟಿನ ಲೈನು ಎಂಬ ಉಪಾಯ ಬಳಸುತ್ತಾರೆ. ವೋಲ್ಟೇಜು ಏರಿಸಿ ಕಳುಹಿಸುವುದು, ಹಾರ್ನಿನ ಬಳಿ ಸಣ್ಣ ಟ್ರಾನ್ಸ್‌ಫಾರ್ಮರಿನಿಂದ ಇಳಿಸುವುದು. ಪ್ರವಾಹ ಕಡಿಮೆಯಾದಷ್ಟೂ ನಷ್ಟ ಕಡಿಮೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ತೊಂಬತ್ತು ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಸುಮಾರು ಮೂವತ್ತು ಸಾವಿರ ವೋಲ್ಟಿನಲ್ಲಿ ಕಳುಹಿಸಿದ್ದೂ ಇದೇ ಕಾರಣಕ್ಕೆ. ಶೇಷಾದ್ರಿ ಅಯ್ಯರರ ಕಾಲದ ಆ ಸಾಹಸವನ್ನು ನಾನು ಹುಡುಗರಿಗೆ ವಿವರಿಸಿದ್ದು ಬೇಲಿಯ ಗೂಟಕ್ಕೆ ತಂತಿ ಸುತ್ತುತ್ತಲೇ.

ಮತ್ತೆ ಸಿಳ್ಳು. ಸ್ಪೀಕರಿನಿಂದ ಹೊರಟ ಶಬ್ದ ಮೈಕಿಗೆ ಮರಳಿ, ಹಿಗ್ಗಿ, ಮತ್ತೆ ಸ್ಪೀಕರಿಗೆ ಬಂದು, ಹೀಗೆ ಸುತ್ತುತ್ತ ಕೂಗಾಗುತ್ತದೆ. ವಾಲ್ಯೂಮು ಇಳಿಸಿದರೆ ಸಿಳ್ಳೂ ಇಲ್ಲ, ಮಾತೂ ಇಲ್ಲ. ಪೆಟ್ಟಿಗೆಯನ್ನು ಮೈಕಿಗಿಂತ ಮುಂದಿಟ್ಟು, ಮಾತನಾಡುವವರ ಬಾಯಿಯನ್ನು ಮೈಕಿನ ಸನಿಹ ತರುವುದೊಂದೇ ಬಡವನ ಮದ್ದು. ಮೊದಲು ತಂದಿದ್ದ ಅಗ್ಗದ ಕ್ರಿಸ್ಟಲ್ ಮೈಕು ಬಿಸಿಲಿಗೆ ಕೆಟ್ಟುಹೋಯಿತು. ಅದರೊಳಗಿನ ಲವಣದ ಹರಳು ಸೆಕೆಯನ್ನೂ ತೇವವನ್ನೂ ತಾಳುವುದಿಲ್ಲ. ಡೈನಮಿಕ್ ಮೈಕಿಗೆ ಮತ್ತೆ ತೊಂಬತ್ತು ರೂಪಾಯಿ. ಆ ತೊಂಬತ್ತನ್ನು ಮನೆಯಲ್ಲಿ ಹೇಳಲೇ ಇಲ್ಲ.

1979ರ ಆಗಸ್ಟ್ 15ರಂದು ನಮ್ಮ ಸೆಟ್ಟು ಮೊದಲ ಸಲ ಮಾತನಾಡಿತು. ಹಿಂದಿನ ವರ್ಷ ಅರ್ಧಕ್ಕೇ ಇಳಿದುಬಂದಿದ್ದ ಹುಡುಗಿ ಅದೇ ಭಾಷಣವನ್ನು ಪೂರ್ತಿ ಓದಿದಳು. ಸ್ವಾತಂತ್ರ್ಯ ದಿನಾಚರಣೆಗೆ ಏಕೀಕರಣದ ಭಾಷಣವೇಕೆ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸಂತೋಷದ ಕಥೆ. ಹಲವು ಸಲ ಮದುವೆಮನೆಗಳಲ್ಲಿ ನಿಮಗೆ ಇಷ್ಟೇ ಹೇಳಿ ನಿಲ್ಲಿಸಿದ್ದೇನೆ ಕೂಡ.

ಅದೇ ವರ್ಷದ ಗಣೇಶನ ಹಬ್ಬಕ್ಕೆ ಊರಿನ ಸಮಿತಿಯವರು ಸೆಟ್ಟು ಕೇಳಿದರು. ಯಾರನ್ನೂ ವಿಚಾರಿಸದೆ ಕೊಟ್ಟೆ, ಹೆಮ್ಮೆಯಿಂದಲೇ ಕೊಟ್ಟೆ. 1980ರ ಏಪ್ರಿಲ್‌ನಲ್ಲಿ ಕೇರಿಯಿಂದ ಇಬ್ಬರು ಹಿರಿಯರು ನಮ್ಮ ಮನೆಯ ಮುಂದೆ ಬಂದು ನಿಂತರು. ಅವರ ಹಿಂದೆ ಆ ಹುಡುಗ. ಹದಿನಾಲ್ಕನೆಯ ತಾರೀಖು ಅಂಬೇಡ್ಕರ್ ಜಯಂತಿ, ಪೇಟೆಯ ಅಂಗಡಿಯವರು ಕೇರಿಗೆಂದರೆ ಬಾಡಿಗೆಗೂ ಕೊಡುತ್ತಿಲ್ಲ, ಒಂದು ಸಂಜೆಯ ಮಟ್ಟಿಗೆ ಸೆಟ್ಟು ಕೊಟ್ಟರೆ ಉಪಕಾರವಾಗುತ್ತದೆ ಎಂದರು. ನಾನು ಹೇಳಿದೆ: "ಅದು ಶಾಲೆಯ ಸ್ವತ್ತು. ಈಗ ರಜೆ. ಹೆಡ್ಮಾಸ್ಟರು ಊರಿನಲ್ಲಿಲ್ಲ, ಅವರ ಅಪ್ಪಣೆಯಿಲ್ಲದೆ ಕೊಡುವ ಹಾಗಿಲ್ಲ." ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಗಣೇಶನ ಹಬ್ಬದಲ್ಲಿ ನೆನಪಾಗದಿದ್ದ ಅಪ್ಪಣೆ ಅಂದು ನೆನಪಾಯಿತು, ಅಷ್ಟೇ. ಊರಿನವರು ಏನೆನ್ನುತ್ತಾರೋ ಎಂಬ ಅಳುಕು ನನ್ನಲ್ಲಿತ್ತು. "ಆಗಲಿ ಸ್ವಾಮಿ" ಎಂದು ಅವರು ಹೊರಟರು. ಹುಡುಗ ನನ್ನ ಮುಖ ನೋಡಲಿಲ್ಲ. ತಾನು ಬೆಸೆದ ಯಂತ್ರವನ್ನು ತನ್ನ ಕೇರಿಗೆ ಕೇಳಲು ಬಂದಿದ್ದ, ಏನೂ ಆಡದೆ ಹಿಂದಿರುಗಿದ.

ಒಂದು ವರ್ಷ ಅದು ನನ್ನನ್ನು ಕುಟುಕುತ್ತಲೇ ಇತ್ತು. 1981ರ ಏಪ್ರಿಲ್‌ನಲ್ಲಿ ಯಾರೂ ಕೇಳಲು ಬರಲಿಲ್ಲ. ಮುಖ್ಯೋಪಾಧ್ಯಾಯರಿಗೆ ಒಂದು ಚೀಟಿ ಬರೆದಿಟ್ಟು, ಬ್ಯಾಟರಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು, ಪೆಟ್ಟಿಗೆ ಹಾರ್ನುಗಳನ್ನು ಇಬ್ಬರು ಹುಡುಗರಿಂದ ಹೊರಿಸಿಕೊಂಡು ನಾನೇ ಹೋದೆ. ಪಿ.ಯು.ಸಿ. ಓದುತ್ತಿದ್ದ ಅವನು ರಜೆಗೆ ಬಂದಿದ್ದ. ಏನೂ ಮಾತನಾಡದೆ ತಂತಿಗಳನ್ನು ಬಿಡಿಸತೊಡಗಿದ. ಹಾರ್ನನ್ನು ಬೇವಿನ ಮರಕ್ಕೆ ಕಟ್ಟಿ, ಅದರ ಬಾಯನ್ನು ಊರಿನ ಕಡೆಗೆ ತಿರುಗಿಸಿದ. ನಾನು ಬೇಡವೆನ್ನಲಿಲ್ಲ.

ಭಾಷಣಗಳಾದ ಮೇಲೆ, ಹಿಂದಿನ ವರ್ಷ ನಮ್ಮ ಮನೆಗೆ ಬಂದಿದ್ದ ಹಿರಿಯರಲ್ಲೊಬ್ಬರನ್ನು ಮೈಕಿನ ಮುಂದೆ ನಿಲ್ಲಿಸಿದರು. ನಲವತ್ತು ವರ್ಷ ಊರಿನಲ್ಲಿ ತಮಟೆ ಹೊಡೆದು ಸಾರಿದವರು ಅವರು. ಎಲ್ಲರೂ ಮೈಕಿನಿಂದ ದೂರ ಸರಿದು ನಿಲ್ಲುತ್ತಿದ್ದರೆ, ಅವರು ಸರಿಯಾಗಿ ಎದುರಿಗೇ ನಿಂತರು. ತಮ್ಮ ಹೆಸರು ಹೇಳಿದರು. ತಂದೆಯ ಹೆಸರು, ತಾತನ ಹೆಸರು, ತಾಯಿಯ ಹೆಸರು ಹೇಳಿದರು. ಅವರಲ್ಲಿ ಯಾರು ಕೆರೆಯ ಏರಿ ಕಟ್ಟಿದವರು, ಯಾರು ಯಾವ ಬರದ ವರ್ಷ ತೀರಿಕೊಂಡರು ಎಂಬುದನ್ನು ಹೇಳಿದರು. ಹತ್ತು ನಿಮಿಷವಾಗಿರಬಹುದು. ಹಾರ್ನಿನ ದನಿ ಊರಿನ ಮೇಲೆ ಹಾದು ಕೆರೆಯ ಏರಿಗೆ ಬಡಿದು ಮರಳಿ ಬರುತ್ತಿತ್ತು. ಒಮ್ಮೆಯೂ ಸಿಳ್ಳು ಬರಲಿಲ್ಲ.

ಮಾರನೆಯ ದಿನ ನನ್ನನ್ನು ವಿಚಾರಿಸಿಕೊಂಡವರು ಕೆಲವರು. ಮನೆಗೆ ಹಾಲು ಹಾಕುತ್ತಿದ್ದವರು ಹದಿನೈದು ದಿನ ಹಾಲು ಹಾಕಲಿಲ್ಲ. ಅಷ್ಟರಮಟ್ಟಿಗೇ ತೀರಿತು. ಮುಂದಿನ ವರ್ಷದಿಂದ ಸೆಟ್ಟು ಕೇಳಿದವರಿಗೆಲ್ಲ ಹೋಗತೊಡಗಿತು, ಒಂದು ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುವುದು ಮಾತ್ರ ನಿಯಮ. 1986ರಲ್ಲಿ ದಾನಿಗಳೊಬ್ಬರು ಶಾಲೆಗೆ ಕಂಪನಿಯ ಹೊಸ ಸೆಟ್ಟು ಕೊಡಿಸಿದರು. ನಮ್ಮದು ಹರಕು ಬೆಂಚುಗಳ ಕೋಣೆ ಸೇರಿತು.

ಆಮೇಲಿನ ಇತಿಹಾಸ ನಿಮಗೆಲ್ಲ ತಿಳಿದಿದೆ. ವ್ಯಾಟುಗಳು ನೂರಾದವು, ಸಾವಿರವಾದವು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದೆಂದು 2000ದಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಬೇಕಾಯಿತು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಮಿತಿಯಿಟ್ಟರು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಬಿಗಿಗೊಳಿಸಿತು. ಈಗಿನ ಮೆರವಣಿಗೆಯ ಡಿ.ಜೆ. ಸ್ಪೀಕರುಗಳು ಎದೆಯನ್ನೇ ನಡುಗಿಸುವಾಗ ನಾನು ಕಿವಿಯ ಸಾಧನವನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತೇನೆ. ಕಿವುಡನಿಗಿರುವ ಒಂದೇ ಸೌಲಭ್ಯ ಅದು.

ಇನ್ನು ಮೊನ್ನೆಯ ಫೋನಿನ ವಿಷಯ. ಮಾಡಿದವರು ಆ ಬೆಸುಗೆಯ ಹುಡುಗ. ಟೆಲಿಫೋನ್ ಇಲಾಖೆಯಲ್ಲಿ ದೀರ್ಘಕಾಲ ದುಡಿದು ನಿವೃತ್ತರಾಗಿದ್ದಾರೆ, ಮೊಮ್ಮಕ್ಕಳಿದ್ದಾರೆ. ಶಾಲೆಯವರು ಹಳೆಯ ಸಾಮಾನು ಗುಜರಿಗೆ ಹಾಕಿದಾಗ ನಮ್ಮ ಆಂಪ್ಲಿಫೈಯರನ್ನು ತೂಕದ ಬೆಲೆಗೆ ಕೊಂಡು ಇಟ್ಟುಕೊಂಡಿದ್ದರಂತೆ. ಇಷ್ಟು ವರ್ಷ ಹೇಳಿರಲಿಲ್ಲ. ಈಗ ಬಿಡುವಿದೆ, ಮತ್ತೆ ಮಾತನಾಡಿಸೋಣವೆಂದು ಬಿಚ್ಚಿದ್ದಾರೆ. ನನಗೆ ತಡೆಯಲಾಗಲಿಲ್ಲ. "1980ರಲ್ಲಿ ನಾನು ಇಲ್ಲವೆಂದು ಕಳುಹಿಸಿದ್ದು ನಿಮಗೆ ನೆನಪಿದೆಯೇ?" ಎಂದು ಕೇಳಿದೆ. ಆ ತುದಿಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ.

"ನೆನಪಿದೆ ಸಾರ್," ಎಂದರು. ಆಮೇಲೆ, "ಅದಿರಲಿ, ಕರೆಂಟಿನಲ್ಲಿ ಓಡಿಸೋಕೆ ಹಾಕಿದ್ವಲ್ಲ ಫಿಲ್ಟರ್ ಕಂಡೆನ್ಸರು, ಅದು ಉಬ್ಬಿಹೋಗಿದೆ. ಮೇಲಿನ ಅಕ್ಷರ ಅಳಿಸಿಹೋಗಿದೆ. ಎಷ್ಟು ಮೈಕ್ರೋಫ್ಯಾರಡ್ ಅಂತ ನಿಮಗೆ ಜ್ಞಾಪಕ ಇದೆಯಾ?"

"2200," ಎಂದೆ ನಾನು, ಮೇಷ್ಟ್ರ ಧೈರ್ಯದಿಂದ.

"ಅಲ್ಲ ಸಾರ್, 4700. ಬೆಸುಗೆ ಹಾಕಿದ್ದು ನಾನಲ್ವಾ."